ದೊಡ್ಡ ಪೈಪ್ ಥ್ರೆಡ್, ಗಟ್ಟಿ ಲೋಹ, ಚಿಕ್ಕ ವರ್ಕ್‌ಶಾಪ್: ಟ್ಯಾಪೋ, ಲೇತೋ, ಥ್ರೆಡ್ ಮಿಲ್ಲೋ?

ಅರ್ಧ ಇಂಚಿನ ಪೈಪ್ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಹಲ್ಲಿನ ಟೂಲ್) ಓಡಿಸಿ ಪಳಗಿದ ಕೈಗೆ ಎರಡು ಇಂಚಿನದೂ ಅಷ್ಟೇ ಅನಿಸುತ್ತದೆ. ಅದೇ ಆಕಾರ, ಅದೇ ಎಣ್ಣೆ, ಹಿಡಿಕೆ ಸ್ವಲ್ಪ ಉದ್ದ ಬೇಕು, ಅಷ್ಟೇ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. 316 ಸ್ಟೇನ್‌ಲೆಸ್‌ನ ದಪ್ಪ ಬ್ಲಾಕ್ ಒಂದರಲ್ಲಿ ಎರಡು ಇಂಚಿನ ಎನ್‌ಪಿಟಿ ಥ್ರೆಡ್ (ಬರಬರುತ್ತಾ ಕಿರಿದಾಗುವ ಅಮೆರಿಕನ್ ಪೈಪ್ ಥ್ರೆಡ್) ಬೇಕಿತ್ತು. ನೇರ ತೂತು ಬೋರ್ ಮಾಡಿ ಟ್ಯಾಪ್ ಇಳಿಸಿದೆ. ಮೊದಲ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಯಿತು. ಆಮೇಲೆ ಹಿಡಿಕೆಗೆ ಉದ್ದ ಪೈಪ್ ಸಿಕ್ಕಿಸಿ ಇಬ್ಬರು ಎಳೆಯಬೇಕಾಯಿತು. ಏಳನೇ ಸುತ್ತಿಗೆ ಕಿರ್ ಅಂತ ಒಂದು ಸದ್ದು. ಟ್ಯಾಪ್ ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಬರಲಿಲ್ಲ. ಬಲವಂತವಾಗಿ ಹಿಂದಕ್ಕೆ ತಿರುಗಿಸಿದಾಗ ಎರಡು ಹಲ್ಲು ಮುರಿದು ಥ್ರೆಡ್‌ನೊಳಗೇ ಬೆಣೆಯಂತೆ ಕೂತವು. ಎರಡು ದಿನ ಮಿಲ್ಲಿಂಗ್ ಮಾಡಿದ್ದ ಬ್ಲಾಕ್ ಅಲ್ಲಿಗೆ ಮುಗಿಯಿತು.

ಅವತ್ತಿನಿಂದ ಇಂಥ ಕೆಲಸ ಬಂದಾಗ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ ಬದಲಾಗಿದೆ. ಯಾವುದು ಬೇಗ ಆಗುತ್ತದೆ ಅಂತ ಕೇಳುವುದಿಲ್ಲ. ಒಂದು ಗಳಿಗೆಯಲ್ಲಿ ಎಷ್ಟು ಹಲ್ಲು ಲೋಹದಲ್ಲಿ ಕಚ್ಚಿಕೊಂಡಿರುತ್ತವೆ ಅಂತ ಕೇಳುತ್ತೇನೆ. ಕೆಟ್ಟರೆ ಏನು ಉಳಿಯುತ್ತದೆ ಅನ್ನುವುದು ಅದರ ಹಿಂದೆಯೇ ಬರುವ ಪ್ರಶ್ನೆ. ಕೆಳಗಿನ ಹೋಲಿಕೆ ಪೂರ್ತಿ ಈ ಎರಡರ ಮೇಲೆ ನಿಂತಿದೆ.

ಆತುರದಲ್ಲಿ ಇರುವವರಿಗೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಜಾಬ್ (ಥ್ರೆಡ್ ಹಾಕಬೇಕಾದ ತುಂಡು) ಚಕ್ಕಿನಲ್ಲಿ ತಿರುಗುವಂತಿದ್ದರೆ ಲೇತ್‌ನಲ್ಲಿ ಒಂಟಿ ಟೂಲ್‌ನಿಂದ ಕತ್ತರಿಸಿ. ತಿರುಗಿಸಲು ಆಗದಿದ್ದರೆ, ಸಿಎನ್‌ಸಿ (ಕಂಪ್ಯೂಟರ್ ಓಡಿಸುವ) ಮಿಲ್ ಇದ್ದರೆ, ಥ್ರೆಡ್ ಮಿಲ್ ಮಾಡಿ, ಅಂದರೆ ತಿರುಗುವ ಚಿಕ್ಕ ಕಟರ್ ಅನ್ನು ತೂತಿನ ಗೋಡೆಗುಂಟ ಸುತ್ತಿಸಿ ಕತ್ತರಿಸಿ. ಉದ್ದ ಪೈಪಿನ ತುದಿಗೆ ಹೊರ ಥ್ರೆಡ್ ಬೇಕಾದರೆ ಡೈ ಮೆಷಿನ್. ಟ್ಯಾಪ್ ಕೊನೆಯ ದಾರಿ, ಅದೂ ತಯಾರಿ ಮಾಡಿಕೊಂಡು.

ಸೈಜ್ ದೊಡ್ಡದಾದಾಗ ಏನು ಬದಲಾಗುತ್ತದೆ

ಎನ್‌ಪಿಟಿ ಥ್ರೆಡ್‌ನ ಕೋನ 60 ಡಿಗ್ರಿ, ಟೇಪರ್ (ಉದ್ದಕ್ಕೆ ವ್ಯಾಸ ಕಿರಿದಾಗುವ ಲೆಕ್ಕ) 16ಕ್ಕೆ 1. ಬ್ರಿಟಿಷ್ ಪೈಪ್ ಥ್ರೆಡ್ ಆದ ಬಿಎಸ್‌ಪಿಟಿಗೂ ಟೇಪರ್ ಅದೇ, ಕೋನ ಮಾತ್ರ 55 ಡಿಗ್ರಿ. ಎನ್‌ಪಿಟಿಯಲ್ಲಿ 1ರಿಂದ 2 ಇಂಚಿನವರೆಗೆ ಇಂಚಿಗೆ ಹನ್ನೊಂದೂವರೆ ಥ್ರೆಡ್. ಎರಡೂವರೆ ಇಂಚಿನಿಂದ ಮೇಲೆ ಇಂಚಿಗೆ 8. ಬಿಎಸ್‌ಪಿಟಿಯಲ್ಲಿ 1ರಿಂದ 6 ಇಂಚಿನವರೆಗೆ ಎಲ್ಲವೂ 11. ಹನ್ನೊಂದೂವರೆ ಮತ್ತು 11 ನೋಡಲು ಒಂದೇ ಥರ ಕಾಣುತ್ತವೆ. ಎರಡು ಮೂರು ಸುತ್ತು ಒಂದಕ್ಕೊಂದು ಹೋಗಿಯೂ ಬಿಡುತ್ತವೆ. ಡ್ರಾಯಿಂಗ್‌ನಲ್ಲಿ ಯಾವುದಿದೆ ಅಂತ ಟೂಲ್ ಕಟ್ಟುವ ಮೊದಲೇ ನೋಡಿಕೊಳ್ಳಿ.

8 ಥ್ರೆಡ್ ಅಂದರೆ ಪಿಚ್ (ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ದೂರ) 3.175 ಮಿಮೀ, ಆಳ ಸುಮಾರು ಎರಡೂವರೆ ಮಿಮೀ. ಹನ್ನೊಂದೂವರೆಯಲ್ಲಿ ಪಿಚ್ 2.2 ಮಿಮೀ, ಆಳ 1.77 ಮಿಮೀ. ಅಂದರೆ ಎರಡು ಇಂಚಿನಿಂದ ಎರಡೂವರೆಗೆ ಹೋದ ತಕ್ಷಣ ಒಂದೊಂದು ಗಾಳೆಯಲ್ಲೂ (ಥ್ರೆಡ್‌ನ ಗೀರಿನಲ್ಲೂ) ತೆಗೆಯಬೇಕಾದ ಲೋಹ ಸುಮಾರು ಇಮ್ಮಡಿಯಾಗುತ್ತದೆ. ಸುತ್ತಳತೆ ಬೇರೆ ಜಾಸ್ತಿ. ಈ ಗೆರೆ ದಾಟಿದ ಮೇಲೆ ಚಿಕ್ಕ ಸೈಜಿನ ಅನುಭವ ಹೆಚ್ಚು ಸಹಾಯಕ್ಕೆ ಬರುವುದಿಲ್ಲ.

ಇನ್ನು ಲೋಹ. 304, 316 ಥರದ ಸ್ಟೇನ್‌ಲೆಸ್ ಉಜ್ಜಿದಷ್ಟೂ ಗಟ್ಟಿಯಾಗುತ್ತದೆ. ಶಾಖವನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಾದಾ ಉಕ್ಕಿಗೆ ಹೋಲಿಸಿದರೆ ಮೂರನೇ ಒಂದು ಭಾಗದಷ್ಟೇ ಶಾಖ ಹರಿಯುತ್ತದೆ, ಮಿಕ್ಕಿದ್ದೆಲ್ಲ ಟೂಲ್‌ನ ಅಂಚಿಗೆ. ಡ್ಯೂಪ್ಲೆಕ್ಸ್ 2205 ಅನ್ನುವ ಸ್ಟೇನ್‌ಲೆಸ್ ಇನ್ನೂ ಬಲ. ಅದರ ಯೀಲ್ಡ್ (ಲೋಹ ಶಾಶ್ವತವಾಗಿ ಬಾಗಲು ಶುರುವಾಗುವ ಒತ್ತಡ) ಕನಿಷ್ಠ 450 ಎಂಪಿಎ, 316ರದು 205. ನಿಕ್ಕಲ್ ಮಿಶ್ರಲೋಹವಾದ ಇನ್‌ಕೊನೆಲ್ ಬಿಸಿಯಾದರೂ ಮೆತ್ತಗಾಗುವುದಿಲ್ಲ. ಇವೆಲ್ಲಕ್ಕೂ ನಿಯಮ ಒಂದೇ. ಟೂಲ್ ಕತ್ತರಿಸುತ್ತಿರಬೇಕು, ಉಜ್ಜಬಾರದು.

ಟ್ಯಾಪ್ ಯಾಕೆ ಅಷ್ಟು ಬೇಗ ಸೋಲುತ್ತದೆ

ನೇರ ಟ್ಯಾಪ್‌ನಲ್ಲಿ ಮುಂದಿನ ಕೆಲವು ಹಲ್ಲು ಮಾತ್ರ ಕತ್ತರಿಸುತ್ತವೆ, ಹಿಂದಿನವು ದಾರಿ ಹಿಡಿದು ಬರುತ್ತವೆ. ಟೇಪರ್ ಟ್ಯಾಪ್ ಹಾಗಲ್ಲ. ಪ್ರತಿ ಸುತ್ತಿಗೂ ಟ್ಯಾಪ್ ಮುಂದೆ ಹೋದಂತೆ ತೂತಿಗೆ ಹೋಲಿಸಿದರೆ ದಪ್ಪವಾಗುತ್ತಲೇ ಇರುತ್ತದೆ. ಒಳಗಿರುವ ಎಲ್ಲ ಹಲ್ಲೂ ಒಟ್ಟಿಗೆ ಕತ್ತರಿಸುತ್ತವೆ. ಆಳಕ್ಕೆ ಹೋದಷ್ಟೂ ಬಲ ಏರುವುದು ಅದಕ್ಕೇ.

ಎರಡು ಇಂಚಿನ ಟ್ಯಾಪ್‌ನ ಲೆಕ್ಕವನ್ನೇ ನೋಡಿ. ಒಂದು ಸುತ್ತಿಗೆ 2.2 ಮಿಮೀ ಮುಂದೆ ಹೋಗುತ್ತದೆ. ಟೇಪರ್ ಪ್ರಕಾರ ತ್ರಿಜ್ಯದಲ್ಲಿ ಅದರ 32ನೇ ಒಂದು ಭಾಗ ಕತ್ತರಿಸಬೇಕು, ಅಂದರೆ 0.07 ಮಿಮೀ. ಟ್ಯಾಪ್‌ಗೆ 7 ಫ್ಲೂಟ್ (ಹಲ್ಲಿನ ಸಾಲುಗಳ ನಡುವಿನ ಉದ್ದ ಕಾಲುವೆ) ಇದ್ದರೆ ಒಂದೊಂದು ಹಲ್ಲಿನ ಪಾಲಿಗೆ ಬರುವುದು 0.01 ಮಿಮೀ. ಅದು ಕತ್ತರಿಸುವ ದಪ್ಪವೇ ಅಲ್ಲ. ಹಲ್ಲು ಮೇಲ್ಮೈಯನ್ನು ಉಜ್ಜುತ್ತದೆ, 316 ಗಟ್ಟಿಯಾಗುತ್ತದೆ, ಮುಂದಿನ ಹಲ್ಲು ಆ ಗಟ್ಟಿ ಪದರವನ್ನು ಮತ್ತೆ ಉಜ್ಜುತ್ತದೆ. ನನ್ನ ಬ್ಲಾಕ್‌ನಲ್ಲಿ ಆಗಿದ್ದು ಇದೇ. ಕೈಬಲ ಕಡಿಮೆ ಬಿದ್ದಿರಲಿಲ್ಲ.

ಆದರೂ ಟ್ಯಾಪ್ ಮಾಡಲೇಬೇಕಾದ ಸಂದರ್ಭ ಬರುತ್ತದೆ. ಆಗ ಒಂದು ಬಿಟ್ಟು ಒಂದು ಹಲ್ಲು ತೆಗೆದಿರುವ ಪೈಪ್ ಟ್ಯಾಪ್ ತೆಗೆದುಕೊಳ್ಳಿ. ಹಲ್ಲು ಅರ್ಧವಾದರೆ ಉಳಿದ ಹಲ್ಲಿಗೆ ದಪ್ಪ ಚಿಪ್ ಸಿಗುತ್ತದೆ, ಎಣ್ಣೆ ಒಳಗೆ ಇಳಿಯಲು ಜಾಗವೂ ಆಗುತ್ತದೆ. ತೂತನ್ನು ಮೊದಲೇ ಟೇಪರ್ ಆಗಿ ಬೋರ್ ಮಾಡಿ, ಅಥವಾ ಟೇಪರ್ ರೀಮರ್ ಓಡಿಸಿ. ನೇರ ತೂತಿನಲ್ಲಿ ಬಾಯಿಯ ಹತ್ತಿರದ ಹಲ್ಲುಗಳಿಗೆ ಜಾಸ್ತಿ ಕೆಲಸ, ಒಳಗಿನವಕ್ಕೆ ಕಡಿಮೆ. ಟೇಪರ್ ತೂತಿನಲ್ಲಿ ಎಲ್ಲಕ್ಕೂ ಸಮ. ಎಣ್ಣೆ ಗಂಧಕ ಇರುವ ದಪ್ಪ ಕಟಿಂಗ್ ಆಯಿಲ್ ಆಗಿರಲಿ. ನೀರು ಬೆರೆಸಿದ ಕೂಲಂಟ್ ಇಲ್ಲಿ ಸಾಲದು. ಶುರು ಮಾಡಿದ ಮೇಲೆ ಮಧ್ಯ ನಿಲ್ಲಿಸಬೇಡಿ.

ಯಂತ್ರದಲ್ಲಿ ಟ್ಯಾಪ್ ಮಾಡುವವರು ಸ್ಪೀಡ್ ನೋಡಿಕೊಳ್ಳಬೇಕು. 60 ಮಿಮೀ ದಪ್ಪದ (ಎರಡು ಇಂಚಿನ ಪೈಪ್) ಟ್ಯಾಪ್‌ಗೆ ನಿಮಿಷಕ್ಕೆ 3 ಮೀಟರ್ ಕಟಿಂಗ್ ಸ್ಪೀಡ್ ಅಂದರೆ ಸುಮಾರು 16 ಆರ್‌ಪಿಎಂ. ಚಿಕ್ಕ ಡ್ರಿಲ್ಲಿಂಗ್ ಮೆಷಿನ್, ಚಿಕ್ಕ ಮಿಲ್ ಅಷ್ಟು ನಿಧಾನಕ್ಕೆ ತಿರುಗುವುದಿಲ್ಲ. ತಿರುಗಿದರೂ ಆ ಸ್ಪೀಡಿನಲ್ಲಿ ಬಲ ಇರುವುದಿಲ್ಲ.

ನನ್ನ ಮಿತಿ ಹೀಗೆ ಇಟ್ಟುಕೊಂಡಿದ್ದೇನೆ. ಸ್ಟೇನ್‌ಲೆಸ್‌ನಲ್ಲಿ 1 ಇಂಚಿನವರೆಗೆ ಟ್ಯಾಪ್. ಅದಕ್ಕಿಂತ ದೊಡ್ಡದು ಬೇರೆ ದಾರಿಯಲ್ಲಿ. ಡ್ಯೂಪ್ಲೆಕ್ಸ್, ಇನ್‌ಕೊನೆಲ್ ಆದರೆ ಅರ್ಧ ಇಂಚಿಗೇ ನಿಲ್ಲಿಸುತ್ತೇನೆ.

ಲೇತ್: ನಿಧಾನ, ಆದರೆ ಕೈಯಲ್ಲಿರುವ ಕೆಲಸ

ಒಂಟಿ ಟೂಲ್‌ನಲ್ಲಿ ಲೋಹಕ್ಕೆ ತಾಗುವುದು ಒಂದೇ ಹಲ್ಲು. ಬಲ ಎಷ್ಟು ಅಂತ ನಾವೇ ತೀರ್ಮಾನಿಸುತ್ತೇವೆ, ಪ್ರತಿ ಪಾಸ್‌ಗೂ (ಟೂಲ್‌ನ ಒಂದೊಂದು ಓಟಕ್ಕೂ). ಟೂಲ್ ಮುರಿದರೆ ತುದಿ ಬದಲಿಸಿ ಅದೇ ಗಾಳೆ ಹಿಡಿದು ಮುಂದುವರಿಯಬಹುದು. ಜಾಬ್ ಉಳಿಯುತ್ತದೆ. ಇಷ್ಟಕ್ಕೇ ನಾನು ಲೇತ್‌ಗೆ ಮೊದಲ ಸ್ಥಾನ ಕೊಡುತ್ತೇನೆ. ಥ್ರೆಡ್ ದೊಡ್ಡದಾದಷ್ಟೂ ಇದು ಸುಲಭವಾಗುತ್ತದೆ ಅನ್ನುವುದು ಇನ್ನೊಂದು ಲಾಭ. ತೂತು ದೊಡ್ಡದಿದ್ದರೆ ದಪ್ಪ ಬೋರಿಂಗ್ ಬಾರ್ ಹೋಗುತ್ತದೆ. ಬಾರ್ ದಪ್ಪವಿದ್ದರೆ ನಡುಗುವುದಿಲ್ಲ. ಉಕ್ಕಿನ ಬಾರ್‌ನ ಚಾಚು ಅದರ ದಪ್ಪದ ನಾಲ್ಕು ಪಟ್ಟಿನೊಳಗೆ ಇರಲಿ.

ತೊಡಕಿರುವುದು ಟೇಪರ್‌ನಲ್ಲಿ. ಕಾಂಪೌಂಡ್ ಸ್ಲೈಡ್ (ಟೂಲ್ ಕೂರುವ, ಓರೆ ಮಾಡಬಹುದಾದ ಚಿಕ್ಕ ಸ್ಲೈಡ್) ತಿರುಗಿಸಿ ಥ್ರೆಡ್ ಟೇಪರ್ ಮಾಡಬಹುದು ಅಂತ ಹೊಸಬರು ಅಂದುಕೊಳ್ಳುತ್ತಾರೆ. ತೂತಿಗೆ ಟೇಪರ್ ಬೋರ್ ಮಾಡಲು ಅದು ಸಾಕು. ಥ್ರೆಡ್‌ಗೆ ಆಗುವುದಿಲ್ಲ, ಯಾಕೆಂದರೆ ಥ್ರೆಡ್‌ನ ಲೆಕ್ಕಕ್ಕೆ ಟೂಲ್ ಒಯ್ಯುವ ಲೀಡ್ ಸ್ಕ್ರೂ ಓಡಿಸುವುದು ಕ್ಯಾರೇಜನ್ನು, ಕಾಂಪೌಂಡನ್ನಲ್ಲ. ಹಾಗಾಗಿ ಇರುವುದು ಮೂರೇ ದಾರಿ: ಟೇಪರ್ ಅಟ್ಯಾಚ್‌ಮೆಂಟ್ (ಟೂಲನ್ನು ಓರೆಯಾಗಿ ಓಡಿಸಲು ಲೇತ್‌ಗೆ ಜೋಡಿಸುವ ಭಾಗ), ಸಿಎನ್‌ಸಿ ಲೇತ್, ಹೊರ ಥ್ರೆಡ್‌ಗೆ ಮಾತ್ರ ಟೈಲ್‌ಸ್ಟಾಕ್ (ಜಾಬ್‌ನ ಇನ್ನೊಂದು ತುದಿ ಹಿಡಿಯುವ ಭಾಗ) ಸರಿಸುವುದು. ಟೈಲ್‌ಸ್ಟಾಕ್ ಎಷ್ಟು ಸರಿಸಬೇಕು ಅನ್ನಲು ಎರಡು ಸೆಂಟರ್‌ಗಳ ನಡುವಿನ ಉದ್ದವನ್ನು 32ರಿಂದ ಭಾಗಿಸಿ. 320 ಮಿಮೀ ಉದ್ದದ ಜಾಬ್‌ಗೆ 10 ಮಿಮೀ.

ಅಟ್ಯಾಚ್‌ಮೆಂಟ್‌ನ ಮೇಲಿರುವ ಡಿಗ್ರಿ ಗುರುತನ್ನು ನಂಬಬೇಡಿ. ಚಕ್‌ನಲ್ಲಿ ನೇರವಾಗಿ ಓಡುವ ಒಂದು ದುಂಡು ಬಾರ್ ಹಿಡಿಯಿರಿ. ಟೂಲ್‌ಪೋಸ್ಟ್‌ಗೆ ಡಯಲ್ ಗೇಜ್ ಕಟ್ಟಿ. ಕ್ಯಾರೇಜನ್ನು ಸರಿಯಾಗಿ 32 ಮಿಮೀ ಓಡಿಸಿ. ಡಯಲ್ ಮುಳ್ಳು 1 ಮಿಮೀ ಸರಿಯಬೇಕು. 64 ಓಡಿಸಿದರೆ 2. ಈ ಒಂದು ಪರೀಕ್ಷೆ ಐದು ನಿಮಿಷದ್ದು, ಕೊನೆಗೆ ಗೇಜ್ ಅಲುಗಾಡುವ ತಲೆನೋವನ್ನು ತಪ್ಪಿಸುತ್ತದೆ. ಅಟ್ಯಾಚ್‌ಮೆಂಟ್‌ನಲ್ಲಿ ಸಡಿಲ ಇದ್ದೇ ಇರುತ್ತದೆ. ಅದಕ್ಕೆ ಪ್ರತಿ ಪಾಸನ್ನೂ ಥ್ರೆಡ್ ಶುರುವಾಗುವ ಜಾಗಕ್ಕಿಂತ ಸಾಕಷ್ಟು ಹಿಂದಿನಿಂದ ಓಡಿಸಿ. ಟೂಲ್ ಲೋಹ ಮುಟ್ಟುವ ಹೊತ್ತಿಗೆ ಸಡಿಲ ಹೋಗಿರಬೇಕು.

ಟೂಲ್ ಕೂರಿಸುವುದು ಜಾಬ್‌ನ ಅಕ್ಷಕ್ಕೆ ನೇರವಾಗಿ, ಟೇಪರ್ ಮೇಲ್ಮೈಗೆ ಅಲ್ಲ. ಥ್ರೆಡ್ ಗೇಜನ್ನು ಟೇಪರ್ ಬದಿಗೆ ಆನಿಸಿ ಟೂಲ್ ಕಟ್ಟಿದರೆ 1 ಡಿಗ್ರಿ 47 ನಿಮಿಷದಷ್ಟು ಓರೆ ಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಎರಡು ಕಡೆಯ ಫ್ಲ್ಯಾಂಕ್ (ಗಾಳೆಯ ಇಳಿಜಾರು ಬದಿ) ಸಮ ಕೂರದೆ ಸೋರಿಕೆಯಲ್ಲಿ ಕಾಣುತ್ತದೆ.

ಟೂಲ್ ಕಾರ್ಬೈಡಿನದೋ, ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಇನದೋ? ಮೂರು ಇಂಚಿನ ಪೈಪಿನ ಹೊರ ವ್ಯಾಸ 88.9 ಮಿಮೀ. ಕಾರ್ಬೈಡ್‌ಗೆ ನಿಮಿಷಕ್ಕೆ 60 ಮೀಟರ್ ಕೊಟ್ಟರೆ 215 ಆರ್‌ಪಿಎಂ. ಪಿಚ್ 3.175 ಅಂದರೆ ಕ್ಯಾರೇಜ್ ಸೆಕೆಂಡಿಗೆ 11 ಮಿಮೀಗೂ ಮೇಲೆ ಓಡುತ್ತದೆ. 30 ಮಿಮೀ ಥ್ರೆಡ್ ಮೂರು ಸೆಕೆಂಡ್ ಮುಗಿಯುವ ಮೊದಲೇ ಮುಗಿದಿರುತ್ತದೆ. ಎದುರಿಗೆ ಭುಜ ಇದ್ದರೆ ಹಾಫ್ ನಟ್ (ಕ್ಯಾರೇಜನ್ನು ಲೀಡ್ ಸ್ಕ್ರೂಗೆ ಹಿಡಿಸುವ ನಟ್) ಬಿಡಲು ಎದೆ ಗಟ್ಟಿ ಇರಬೇಕು. ಕೋಬಾಲ್ಟ್ ಎಚ್‌ಎಸ್‌ಎಸ್‌ನಲ್ಲಿ ನಿಮಿಷಕ್ಕೆ 8 ಮೀಟರ್ ಇಟ್ಟರೆ 29 ಆರ್‌ಪಿಎಂ, ಅದೇ ಥ್ರೆಡ್‌ಗೆ 20 ಸೆಕೆಂಡ್. ಕೈಲೇತ್‌ನಲ್ಲಿ ಒಂದೆರಡು ಜಾಬ್ ಇದ್ದರೆ ನಾನು ಎಚ್‌ಎಸ್‌ಎಸ್ ಟೂಲ್ ಚೂಪು ಮಾಡಿಕೊಂಡು ಕೂರುತ್ತೇನೆ. ಕಾರ್ಬೈಡನ್ನು ಹೆದರಿಕೆಯಿಂದ ನಿಧಾನ ಓಡಿಸಿದರೆ ಸ್ಟೇನ್‌ಲೆಸ್ ಅಂಚಿಗೆ ಅಂಟಿಕೊಂಡು ತುದಿಯನ್ನೇ ಕಿತ್ತುಕೊಂಡು ಹೋಗುತ್ತದೆ. ಸಿಎನ್‌ಸಿ ಲೇತ್ ಆದರೆ ಯೋಚನೆಯೇ ಬೇಡ, ಕಾರ್ಬೈಡ್. ಅದರಲ್ಲೂ ಪೂರ್ತಿ ಪ್ರೊಫೈಲ್ ಇರುವ ಇನ್ಸರ್ಟ್ (ಬದಲಿಸುವ ಟೂಲ್ ತುದಿ) ತೆಗೆದುಕೊಳ್ಳಿ. ಗಾಳೆಯ ತಲೆಯನ್ನೂ ಅದೇ ಸರಿಮಾಡುತ್ತದೆ, ಬರ್ ಉಳಿಯುವುದಿಲ್ಲ.

ಒಳ ಥ್ರೆಡ್‌ಗೆ ಕುರುಡು ತೂತು ಬಂದರೆ ಒಂದು ಒಳ್ಳೆ ಉಪಾಯವಿದೆ. ಒಳಗೆ ಮೊದಲೇ ಗ್ರೂವ್ ಹಾಕಿ, ಸ್ಪಿಂಡಲ್ ಉಲ್ಟಾ ತಿರುಗಿಸಿ, ಟೂಲನ್ನು ತಲೆಕೆಳಗೆ ಕಟ್ಟಿ, ಒಳಗಿನಿಂದ ಹೊರಕ್ಕೆ ಕತ್ತರಿಸುತ್ತಾ ಬನ್ನಿ. ಡಿಕ್ಕಿ ಹೊಡೆಯುವ ಭಯವಿಲ್ಲ. ಆದರೆ ನಿಮ್ಮ ಚಕ್ ಸ್ಪಿಂಡಲ್‌ಗೆ ಥ್ರೆಡ್ ಮೂಲಕ ಕೂರುವ ಥರದ್ದಾದರೆ ಇದನ್ನು ಮಾಡಲೇಬೇಡಿ. ಉಲ್ಟಾ ತಿರುಗುವಾಗ ಚಕ್ ಬಿಚ್ಚಿಕೊಳ್ಳುತ್ತದೆ.

ಪಾಸ್‌ಗಳ ಬಗ್ಗೆ ಒಂದು ಮಾತು. ಮೈಲ್ಡ್ ಸ್ಟೀಲ್‌ನಲ್ಲಿ ಕೊನೆಗೆ ಎರಡು ಮೂರು ಸಲ ಸುಮ್ನೆ ಓಡಿಸಿ ನುಣುಪು ಮಾಡುವ ಅಭ್ಯಾಸ ಇರುತ್ತದೆ. 316ರಲ್ಲಿ ಅದು ಉಜ್ಜುವಿಕೆ. ಮೊದಲ ಪಾಸ್ ದಪ್ಪ ತೆಗೆದುಕೊಳ್ಳಿ, ಬರಬರುತ್ತಾ ಕಡಿಮೆ ಮಾಡಿ, ಆದರೆ ಕೊನೆಯದೂ 0.08 ಮಿಮೀಗಿಂತ ಕಡಿಮೆ ಬೇಡ. 8 ಥ್ರೆಡ್‌ಗೆ 15ರಿಂದ 20 ಪಾಸ್ ಹಿಡಿಯುತ್ತದೆ.

ಥ್ರೆಡ್ ಮಿಲ್ಲಿಂಗ್: ಜಾಬ್ ಅಲುಗಾಡದಿದ್ದಾಗ

ವಾಲ್ವ್ ಬಾಡಿ, ದೊಡ್ಡ ಮ್ಯಾನಿಫೋಲ್ಡ್, ಬದಿಯಲ್ಲಿ ತೂತಿರುವ ಬ್ಲಾಕ್. ಇವನ್ನು ಲೇತ್‌ನಲ್ಲಿ ತಿರುಗಿಸುವುದು ಅಪಾಯ. ಇಲ್ಲಿ ಥ್ರೆಡ್ ಮಿಲ್‌ಗೆ ಸಾಟಿಯಿಲ್ಲ. ಕಟರ್ ತೂತಿಗಿಂತ ಚಿಕ್ಕದು, ಒಂದು ಬದಿ ಮಾತ್ರ ತಾಗುತ್ತದೆ, ಚಿಪ್ ಪುಡಿಪುಡಿಯಾಗಿ ಬೀಳುತ್ತದೆ. ಚಿಕ್ಕ ಮೋಟಾರಿನ ಮಿಲ್ ಕೂಡ ನಾಲ್ಕು ಇಂಚಿನ ಥ್ರೆಡ್ ಹಾಕಬಲ್ಲದು. ಮುರಿದರೂ ಕಟರ್ ಕೈಗೆ ಬರುತ್ತದೆ, ತೂತಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಎರಡೂವರೆ ಇಂಚಿನ ಮೇಲೆ ಎಲ್ಲ ಎನ್‌ಪಿಟಿಗೂ ಒಂದೇ ಪಿಚ್ ಇರುವುದರಿಂದ ಒಂದೇ ಕಟರ್ ಎಲ್ಲಕ್ಕೂ ಸಾಕು.

ಕಟರ್‌ನಲ್ಲಿ ಎರಡು ಥರ. ಟೇಪರ್ ಸಮೇತ ಸಾಲು ಹಲ್ಲಿರುವುದು ಒಂದೇ ಸುತ್ತಿನಲ್ಲಿ ಪೂರ್ತಿ ಥ್ರೆಡ್ ಮಾಡುತ್ತದೆ. ಆದರೆ ಎಲ್ಲ ಹಲ್ಲೂ ಒಟ್ಟಿಗೆ ಬದಿಗೆ ತಳ್ಳುತ್ತವೆ. ಗಟ್ಟಿ ಲೋಹದಲ್ಲಿ ಕಟರ್‌ನ ತುದಿ ಬಾಗುತ್ತದೆ, ತೂತಿನ ಆಳ ಕಿರಿದಾಗಿ ಉಳಿಯುತ್ತದೆ. ಆಗ ಗೇಜ್ ಒಳಗೆ ಕಚ್ಚಿಕೊಂಡು ಬಾಯಲ್ಲಿ ಅಲುಗಾಡುತ್ತದೆ. ಒಂದೇ ಸಾಲಿನ ಹಲ್ಲಿರುವ ಕಟರ್ ಪಿಚ್ ಪಿಚ್‌ಗೂ ಸುತ್ತಬೇಕು, ಸಮಯ ಜಾಸ್ತಿ, ಆದರೆ ತಳ್ಳುವ ಬಲ ತುಂಬ ಕಡಿಮೆ. ಡ್ಯೂಪ್ಲೆಕ್ಸ್, ಇನ್‌ಕೊನೆಲ್‌ಗೆ ನಾನು ಒಂದೇ ಸಾಲಿನದನ್ನೇ ಆರಿಸುತ್ತೇನೆ. 316ಕ್ಕೆ ಸಾಲು ಹಲ್ಲಿನದು ನಡೆಯುತ್ತದೆ, ಎರಡು ಮೂರು ಪಾಸ್‌ನಲ್ಲಿ.

ಬಲಗೈ ಒಳ ಥ್ರೆಡ್‌ಗೆ ಕೆಳಗಿನಿಂದ ಮೇಲಕ್ಕೆ, ಗಡಿಯಾರದ ಉಲ್ಟಾ ದಿಕ್ಕಿಗೆ ಸುತ್ತಿ ಬಂದರೆ ಕ್ಲೈಂಬ್ ಮಿಲ್ಲಿಂಗ್ (ಹಲ್ಲು ದಪ್ಪ ಚಿಪ್‌ನಿಂದ ಶುರು ಮಾಡಿ ತೆಳುವಿಗೆ ಬರುವ ಕತ್ತರಿಕೆ) ಆಗುತ್ತದೆ. 8 ಥ್ರೆಡ್‌ನಲ್ಲಿ ಒಂದು ಸುತ್ತು ಮೇಲೇರುವಾಗ ತ್ರಿಜ್ಯ 0.1 ಮಿಮೀ ಹಿಗ್ಗಬೇಕು. ಕೆಲವು ಕಂಟ್ರೋಲ್‌ಗಳು ಹಿಗ್ಗುವ ಆರ್ಕ್ ಕಂಡರೆ ಅಲಾರಂ ಕೊಡುತ್ತವೆ. ಸುತ್ತನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಬರೆದರೆ ಸರಿಹೋಗುತ್ತದೆ. ಫೀಡ್ ವಿಷಯದಲ್ಲೂ ಎಚ್ಚರ ಬೇಕು. ಬಹಳಷ್ಟು ಕಂಟ್ರೋಲ್‌ಗಳಲ್ಲಿ ನಾವು ಕೊಡುವ ಫೀಡ್ ಕಟರ್‌ನ ಮಧ್ಯಕ್ಕೆ, ಹಲ್ಲು ಓಡುವುದು ತೂತಿನ ಗೋಡೆಯಲ್ಲಿ. 88 ಮಿಮೀ ತೂತಿಗೆ 32 ಮಿಮೀ ಕಟರ್ ಹಾಕಿದರೆ, ಗೋಡೆಯಲ್ಲಿ ನಿಮಿಷಕ್ಕೆ 100 ಮಿಮೀ ಬೇಕೆಂದಾಗ ಪ್ರೋಗ್ರಾಂನಲ್ಲಿ 64 ಅಂತ ಬರೆಯಬೇಕು. ಇದನ್ನು ಮರೆತರೆ ಹಲ್ಲಿಗೆ ಒಂದೂವರೆ ಪಟ್ಟು ಹೊರೆ.

ಸಿಎನ್‌ಸಿ ಇಲ್ಲದವರಿಗೆ ಈ ದಾರಿ ಮುಚ್ಚಿದಂತೆಯೇ.

ಡೈ ಹೆಡ್, ಮತ್ತು ಕತ್ತರಿಸದೇ ಇರುವುದು

ಆರು ಮೀಟರ್ ಉದ್ದದ ಪೈಪಿನ ತುದಿಗೆ ಥ್ರೆಡ್ ಬೇಕಾದರೆ ಡೈ ಹೆಡ್ ಇರುವ ಪೈಪ್ ಮೆಷಿನ್ನೇ ಸರಿ. ಸ್ಟೇನ್‌ಲೆಸ್‌ಗೆ ಅದರದೇ ಡೈ ಬೇರೆ ಇರುತ್ತದೆ. ಸಾದಾ ಪೈಪಿನ ಡೈ ಹಾಕಿದರೆ ಗಾಳೆ ಹರಿದು ಬರುತ್ತದೆ. ಹೆಡ್ ಹಿಗ್ಗಿಸಲು ಆಗುವಂತಿದ್ದರೆ ಎರಡು ಸಲದಲ್ಲಿ ಕತ್ತರಿಸಿ, ಎಣ್ಣೆ ಧಾರೆಯಾಗಿ ಬೀಳುತ್ತಿರಲಿ.

ಪೈಪಿನ ಗೋಡೆಯನ್ನು ಮೊದಲು ಅಳೆಯಿರಿ. ಎರಡು ಇಂಚಿನ ಶೆಡ್ಯೂಲ್ 10ಎಸ್ (ಶೆಡ್ಯೂಲ್ ಅಂದರೆ ಗೋಡೆಯ ದಪ್ಪದ ದರ್ಜೆ) ಸ್ಟೇನ್‌ಲೆಸ್ ಪೈಪಿನ ಗೋಡೆ 2.77 ಮಿಮೀ. ಥ್ರೆಡ್ 1.77 ತಿಂದರೆ ಉಳಿಯುವುದು 1 ಮಿಮೀ. ಅದಕ್ಕೆ ಥ್ರೆಡ್ ಹಾಕಲೇಬಾರದು. ಶೆಡ್ಯೂಲ್ 40 ಆದರೆ 3.91, ಶೆಡ್ಯೂಲ್ 80 ಆದರೆ 5.54. ಒತ್ತಡ ಇರುವ ಲೈನ್‌ಗೆ ನಾನು 80ಕ್ಕಿಂತ ಕಡಿಮೆ ಒಪ್ಪುವುದಿಲ್ಲ.

ಇಲ್ಲೇ ಇನ್ನೊಂದು ಆಯ್ಕೆ ತೆರೆಯುತ್ತದೆ. ಥ್ರೆಡ್ ಇರುವ ಫೋರ್ಜ್ಡ್ ಹಾಫ್ ಕಪ್ಲಿಂಗ್ ತಂದು ವೆಲ್ಡ್ ಮಾಡುವುದು. ಡ್ರಾಯಿಂಗ್ ಕೊಟ್ಟವರು ಒಪ್ಪಿದರೆ, ಟ್ಯಾಂಕ್, ದೊಡ್ಡ ಪೈಪ್‌ಗಳ ಮೇಲೆ ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ. ವೆಲ್ಡಿಂಗ್ ಬಿಸಿಗೆ ಥ್ರೆಡ್ ಸೊಟ್ಟಗಾಗದಂತೆ ಒಳಗೆ ಒಂದು ಪ್ಲಗ್ ಸಡಿಲವಾಗಿ ಹಾಕಿರಿ. ಮೂರು ಇಂಚಿಗಿಂತ ದೊಡ್ಡದಾದರೆ ಫ್ಲ್ಯಾಂಜ್ ಆಗಬಹುದೇ ಅಂತ ಕೇಳಲು ಸಂಕೋಚ ಬೇಡ. ಬಹಳ ಸಲ ಹಳೇ ಡ್ರಾಯಿಂಗ್‌ನಲ್ಲಿದೆ ಅಂತ ಮಾತ್ರ ಥ್ರೆಡ್ ಇರುತ್ತದೆ.

ಗೇಜ್ ಹೇಳುವ ಮಾತು

ಯಾವ ದಾರಿ ಹಿಡಿದರೂ ಕೊನೆಗೆ ಎಲ್1 ಗೇಜ್ (ಟೇಪರ್ ಥ್ರೆಡ್‌ನ ಅಳತೆ ನೋಡುವ ಮಾದರಿ ಥ್ರೆಡ್) ಮುಂದೆ ನಿಲ್ಲಬೇಕು. ಕೈಬಿಗಿಗೆ ಗೇಜ್‌ನ ಗುರುತು ಜಾಬ್‌ನ ಮುಖಕ್ಕೆ ಸಮ ಬರಬೇಕು, ಹೆಚ್ಚುಕಡಿಮೆ ಒಂದು ಸುತ್ತು. 8 ಥ್ರೆಡ್‌ನಲ್ಲಿ ಒಂದು ಸುತ್ತು ಅಂದರೆ ವ್ಯಾಸದಲ್ಲಿ 0.2 ಮಿಮೀ. ಅಷ್ಟು ಜಾಗ ಇದೆ, ಗಾಬರಿ ಬೇಡ. ಆದರೆ ಬಿಸಿ ಜಾಬ್‌ಗೆ ಗೇಜ್ ಹಾಕಬೇಡಿ. 90 ಮಿಮೀ ಸ್ಟೇನ್‌ಲೆಸ್ 40 ಡಿಗ್ರಿ ಬಿಸಿ ಏರಿದರೆ ಸುಮಾರು 0.06 ಮಿಮೀ ಹಿಗ್ಗುತ್ತದೆ. ಸರಿ ಬಂದಿದೆ ಅಂತ ಬಿಟ್ಟ ಒಳ ಥ್ರೆಡ್ ತಣ್ಣಗಾದ ಮೇಲೆ ಬಿಗಿಯಾಗಿರುತ್ತದೆ.

ಗೇಜ್ ಹಾಕುವ ಮೊದಲು ಬ್ರಷ್‌ನಿಂದ ಗಾಳೆ ಒರೆಸಿ, ಒಂದು ಹನಿ ತೆಳು ಎಣ್ಣೆ ಬಿಡಿ. ಸ್ಟೇನ್‌ಲೆಸ್ ಚಿಪ್‌ನ ಒಂದು ಚೂರು ನಡುವೆ ಸಿಕ್ಕರೆ ಗೇಜೂ ಹಾಳು, ಥ್ರೆಡ್ಡೂ ಹಾಳು. ಜೋಡಿಸುವಾಗಲೂ ಇದೇ ಎಚ್ಚರ. 316ಕ್ಕೆ 316 ಒಣಗಿದ್ದಾಗ ತಿರುಗಿಸಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಆಮೇಲೆ ಕತ್ತರಿಸಿಯೇ ತೆಗೆಯಬೇಕು. ನಿಕ್ಕಲ್ ಇರುವ ಆ್ಯಂಟಿ ಸೀಜ್ ಪೇಸ್ಟ್ ಅಥವಾ ಪಿಟಿಎಫ್‌ಇ ಟೇಪ್ ಹಾಕಿ, ನಿಧಾನಕ್ಕೆ, ಕೈಯಿಂದಲೇ ಶುರು ಮಾಡಿ. ಎರಡು ಇಂಚಿನದು ಕೈಬಿಗಿಗೆ ಐದು ಸುತ್ತು, ಮೂರು ಇಂಚಿನದು ಆರು ಸುತ್ತು ಹೋಗಬೇಕು. ಮೂರನೇ ಸುತ್ತಿಗೇ ಬಿಗಿ ಬಂದರೆ ಸ್ಪ್ಯಾನರ್ ಕೈಗೆತ್ತಿಕೊಳ್ಳಬೇಡಿ. ಬಿಚ್ಚಿ, ಗಾಳೆಯ ಮೇಲೆ ಹೊಳೆಯುವ ಗೆರೆ ಎಲ್ಲಿ ಬಿದ್ದಿದೆ ನೋಡಿ. ಬಾಯಲ್ಲಿ ಮಾತ್ರ ಇದ್ದರೆ ಟೇಪರ್ ಕಡಿಮೆ ಬಂದಿದೆ, ಆಳದಲ್ಲಿ ಮಾತ್ರ ಇದ್ದರೆ ಜಾಸ್ತಿ ಬಂದಿದೆ. ಉದ್ದಕ್ಕೂ ಒಂದೇ ಸಮ ಹೊಳೆಯುತ್ತಿದ್ದರೆ ಟೇಪರ್ ಸರಿಯಿದೆ, ಇನ್ನೊಂದು ಪಾಸ್ ಸಾಕು.